ಎಣ್ಣೆ ತಾಗಿದ ಗಾಜು

ಅತ್ತೆಗೆ ನಿಮ್ಮ ಸೊಸೆ ಮಾಡುವ ನಮಸ್ಕಾರ. ಕೆಮ್ಮು ಹೋಗಿದೆ, ನಿದ್ದೆಯೂ ಚೆನ್ನಾಗಿ ಬರುತ್ತಿದೆ, ನೀವು ಯೋಚನೆ ಮಾಡಬೇಡಿ.

ಇಲ್ಲಿ ನನ್ನ ಕೆಲಸ ಬಿಸಿಲಿನಿಂದ ಕರೆಂಟ್ ಕೊಡುವ ಗಾಜು ಮಾಡುವುದು. ಸತುವಿನ ಉಪ್ಪು ಕರಗಿಸಿದ ಬಿಸಿ ನೀರಿನಲ್ಲಿ ಗಾಜನ್ನು ಮುಳುಗಿಸಿಟ್ಟರೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳು ಕೂದಲಿನ ಹಾಗೆ ಒತ್ತಾಗಿ ಬೆಳೆಯುತ್ತವೆ. ಆಮೇಲೆ ಬಣ್ಣದಲ್ಲಿ ಅದ್ದಿದರೆ ಅವು ಬಣ್ಣ ಕುಡಿದು ಗಾಜು ಕೆಂಪಾಗುತ್ತದೆ. ಬಿಸಿಲನ್ನು ಹಿಡಿಯುವುದು ಆ ಬಣ್ಣವೇ.

ನಿನ್ನೆ ಬಣ್ಣದಿಂದ ಎತ್ತಿದ ಗಾಜಿನ ನಟ್ಟನಡುವೆ ಒಂದು ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಬೋಳಾಗಿ ಉಳಿದಿತ್ತು. ನೀವು ಕಾಯಿಸಿ ಕೊಟ್ಟ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡು, ಜಡೆ ಸರಿಮಾಡಿಕೊಂಡ ಕೈಯಲ್ಲೇ ಗಾಜು ಮುಟ್ಟಿದ್ದೆ. ಜಿಡ್ಡು ತಾಗಿದ ಕಡೆ ಏನೂ ಬೆಳೆದಿಲ್ಲ. ತಲೆಯಲ್ಲಿ ಕೂದಲು ಬೆಳೆಸುವ ನಿಮ್ಮ ಎಣ್ಣೆ ಇಲ್ಲಿ ಬೋಳು ಮಾಡಿಬಿಟ್ಟಿತು ನೋಡಿ.

ನಮ್ಮ ಮೇಡಂ ಗಾಜನ್ನು ಬೆಳಕಿಗೆ ಹಿಡಿದರು. ಹೊಸಬಳ ಕೈಗೆ ಇನ್ನು ಗಾಜು ಕೊಡುತ್ತಾರೋ ಇಲ್ಲವೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಎಣ್ಣೆ ಬಿಡ್ತೀಯೋ, ಕೈಗವಸು ಹಾಕ್ಕೊಳ್ತೀಯೋ?" ಅಂದರು.

"ಕೈಗವಸು ಹಾಕ್ಕೊಳ್ತೀನಿ ಮೇಡಂ. ಎಣ್ಣೆ ನಮ್ಮತ್ತೆ ಮಾಡಿದ್ದು."

ನಕ್ಕು ಇನ್ನೊಂದು ಗಾಜು ಕೊಟ್ಟರು.

ಬಾಟಲಿಯ ತಳ ಕಾಣುತ್ತಿದೆ, ಇನ್ನಷ್ಟು ಕಾಯಿಸಿಡಿ. ರಜೆಗೆ ಬಂದಾಗ ನೀವೇ ಹಚ್ಚಬೇಕು. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿದ್ದೆಯ ವಿಷಯ ಮೇಲೆ ಬರೆದದ್ದು ಸುಳ್ಳು ಅತ್ತೆ. ನಿಮ್ಮ ಕೈ ತಲೆಯ ಮೇಲೆ ಓಡಾಡದೆ ನನಗೆ ನಿದ್ದೆ ಹತ್ತುವುದಿಲ್ಲ.