ಡಿಂಪ್ನಳ ಕುರ್ಚಿಯಲ್ಲಿ ಕೂತವಳು

ಡೂನಕರಿ, ಮೇಯೊ
೧೯ ಮೇ ೨೦೦೩

ಪ್ರೀತಿಯ ಡಿಂಪ್ನಕ್ಕಾ,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ನಿನ್ನ ಎದೆ ಹೊಡೆದುಕೊಂಡಿರುತ್ತದೆ. ನಿನ್ನ ತಂಗಿ ಅಟ್ರಾಕ್ಟ ಒಳ್ಳೆಯ ಸುದ್ದಿಗೆಂದು ಪೆನ್ನು ಹಿಡಿಯುವವಳಲ್ಲ. ಅಮ್ಮ ಹೋದಳು. ಒಂಬತ್ತನೇ ತಾರೀಖು, ಶುಕ್ರವಾರ ಬೆಳಿಗ್ಗೆ. ಭಾನುವಾರ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಲ್ಲ ಇದ್ದಕ್ಕಿದ್ದಂತೆ ಆಗಿಹೋಯಿತು, ನಿನಗೆ ತಿಳಿಸಲು ಸಮಯವೇ ಸಿಗಲಿಲ್ಲ.

ಹತ್ತು ದಿನ ತಡವಾಗಿ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀಯ. ಇಲ್ಲೊಂದು ಎಡವಟ್ಟಾಗಿದೆ. ಪೂರ್ತಿ ಓದಿ ಆಮೇಲೆ ಬೈಯಿ.

ಬೇಸಿಗೆಯಲ್ಲಿ ನಿನ್ನ ಕೋಣೆಯನ್ನು ಪ್ರವಾಸಿಗಳಿಗೆ ಕೊಡುತ್ತೇನೆ. ಏಪ್ರಿಲ್ ಕೊನೆಗೆ ಹಾಲೆಂಡಿನಿಂದ ಹಾನೆಕ ಎಂಬವಳು ಸೈಕಲ್ಲಿನಲ್ಲಿ ಬಂದಳು. ನಿನ್ನದೇ ವಯಸ್ಸು, ನಿನ್ನಂತೆಯೇ ಉದ್ದ. ಎರಡು ದಿನಕ್ಕೆಂದು ಬಂದವಳು ಎರಡು ವಾರ ಉಳಿದಳು. ನಮ್ಮೂರಿನಲ್ಲಿ ಸಂತೋಷಪಡುವುದಕ್ಕೆ ಇಷ್ಟೊಂದು ಇದೆ ಎಂದು ನನಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಮಳೆ ಬಂದರೆ ಮಳೆ ಚಂದ, ನಿಂತರೆ ಬೆಳಕು ಚಂದ. ನೆಂದ ಕುರಿಗಳ ಫೋಟೊ ತೆಗೆದದ್ದೇ ತೆಗೆದದ್ದು. ಹಳದಿ ಮಳೆಯಂಗಿಯ ಟೊಪ್ಪಿಗೆಯನ್ನು ಮೂಗಿನವರೆಗೆ ಎಳೆದುಕೊಂಡು ಬೆಳಿಗ್ಗೆ ಸಮುದ್ರದ ಬಂಡೆಗಳ ಕಡೆಗೆ ಹೋದರೆ ಬರುತ್ತಿದ್ದುದು ಸಂಜೆಗೆ. ಪಕ್ಕದ ಪೇಟೆಯ ಪಬ್ಬಿನಲ್ಲಿ ಪಿಟೀಲು ಕೇಳಿ ಬಂದ ದಿನ ಕಣ್ಣು ಒರೆಸಿಕೊಂಡಳು. ಜೌಗಿನಲ್ಲಿ ಬಿಳಿ ಹತ್ತಿಯಂತೆ ಅರಳುವ ಹುಲ್ಲನ್ನು ದಿನವೂ ಒಂದು ಹಿಡಿ ತಂದು ಅಮ್ಮನ ಹಾಸಿಗೆಯ ಪಕ್ಕ ಇಡುತ್ತಿದ್ದಳು. ದನವೂ ಮೂಸದ ಹುಲ್ಲು ಎಂದು ಅಮ್ಮ ಗೊಣಗುತ್ತಿದ್ದಳು, ಆದರೆ ಎಸೆಯಲು ಬಿಡುತ್ತಿರಲಿಲ್ಲ.

ಅಮ್ಮ ಹೋದ ಬೆಳಿಗ್ಗೆ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದೆ, ಕನ್ನಡಿಗೆ ಬಟ್ಟೆ ಮುಚ್ಚಿದೆ, ಕಿಟಕಿ ತೆರೆದೆ. ಮಾರನೆಯ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯ ಪಕ್ಕ ಮನೆಯವರ ಕುರ್ಚಿಗಳನ್ನು ಹಾಕುವಾಗ ಎರಡು ಹಾಕಿದೆ. ಯಾಕೆ ಎಂದು ಕೇಳಬೇಡ, ಕೈ ಹಾಕಿತು. ತಾನೂ ಇರಬಹುದೇ, ಆದರೆ ಕಪ್ಪು ಬಟ್ಟೆಯಿಲ್ಲವಲ್ಲ ಎಂದು ಹಾನೆಕ ಕೇಳಿದಳು. ನಿನ್ನ ಬೀರುವಿನಲ್ಲಿ ಉಳಿದಿದ್ದ ಕಪ್ಪು ಉಡುಪನ್ನೇ ಕೊಟ್ಟೆ. ಪಾಪ, ನಿಂತೇ ಇದ್ದಾಳಲ್ಲ ಎಂದು ಕೈಗೆ ಚಹಾ ಕೊಟ್ಟು ಆ ಎರಡನೇ ಕುರ್ಚಿಯಲ್ಲಿ ಕೂರಿಸಿದವಳೂ ನಾನೇ.

ಸಾವಿನ ಮನೆಯಲ್ಲಿ ನೀನು ಯಾರು ಎಂದು ಯಾರೂ ಯಾರನ್ನೂ ಕೇಳುವುದಿಲ್ಲವಲ್ಲ. ಪೆಟ್ಟಿಗೆಯ ಪಕ್ಕ ಕೂತವರ ಕೈ ಹಿಡಿಯುತ್ತಾರೆ, ಮುಂದೆ ಹೋಗುತ್ತಾರೆ. ಮೊದಲು ಬಂದದ್ದು ಗುಡ್ಡದಾಚೆಯ ಪ್ಯಾಕಿ ಲವೆಲ್. ಎರಡು ಕೋಲು ಊರಿಕೊಂಡು ಬಂದ. ಹಾನೆಕಳ ಕೈ ಹಿಡಿದು, "ನಿನ್ನ ಸಂಕಟ ದೊಡ್ಡದು ಕಣವ್ವಾ ಡಿಂಪ್ನಾ. ಕೊನೆಗೂ ಬಂದ್ಯಲ್ಲ," ಎಂದ.

ಹಾನೆಕ ನನ್ನ ಮುಖ ನೋಡಿದಳು. ನಾನು ಚಹಾದ ಕೆಟಲ್ ನೋಡಿದೆ. ಅಲ್ಲಿಗೆ ಮುಗಿಯಿತು, ಅಕ್ಕ. ಅರ್ಧ ನಿಮಿಷದಲ್ಲಿ ಹೇಳಬೇಕಾದದ್ದನ್ನು ಹೇಳದೆ ಹೋದರೆ ಆಮೇಲೆ ಅದನ್ನು ಹೇಳುವುದಕ್ಕೆ ಜಾಗವೇ ಇರುವುದಿಲ್ಲ.

ಪ್ಯಾಕಿ ಕೈ ಬಿಡಲಿಲ್ಲ. "ಇನ್ನೊಂದು ಮಾತಿದೆ. ನಿನ್ನ ಡೆರೆಕ್‌ಗೆ ಮೊದಲ್ನೇ ಹೆಂಡ್ತಿ ಇದಾಳೆ, ಬಿಟ್ಟುಬಿಟ್ಟಿದಾನೆ ಅಂತ ನಿಮ್ಮಮ್ಮನ ಕಿವಿಗೆ ಹಾಕಿದ್ದು ನಾನೇ. ನಿಂಗೆ ಈ ಹೊಸಲು ದಾಟಬೇಡ ಅಂದ್ಳಲ್ಲ, ಅವತ್ತಿಂದ ನಂಗೆ ಊಟ ಸರಿಯಾಗಿ ಸೇರಿಲ್ಲ," ಎಂದು ಎಲ್ಲರೆದುರು ಅತ್ತುಬಿಟ್ಟ. ಹಾನೆಕಳಿಗೆ ಎಷ್ಟು ಅರ್ಥವಾಯಿತೋ. ಅಳುವ ಮುದುಕನ ತೋಳು ಸವರಿ, "ಪರವಾಗಿಲ್ಲ. ನಂಗೇನೂ ಬೇಜಾರಿಲ್ಲ," ಎಂದಳು. ಅವನು ಅಡುಗೆಮನೆಗೆ ಹೋಗಿ ಹಂದಿಮಾಂಸದ ಸ್ಯಾಂಡ್‌ವಿಚ್ ಐದು ತಿಂದ.

ಆಮೇಲೆ ಸಾಲುಸಾಲಾಗಿ ಬಂದರು. "ಮಾತೇ ಬದಲಾಗಿಬಿಟ್ಟಿದೆ," ಎಂದು ಒಬ್ಬಳು. "ಹತ್ತೊಂಬತ್ತು ವರ್ಷ ಇಂಗ್ಲೆಂಡಲ್ಲಿದ್ರೆ ಇನ್ನೇನಾಗುತ್ತೆ, ಮೈ ನೋಡು, ಅಲ್ಲಿ ಬೆಣ್ಣೇನೇ ಸಿಗಲ್ವೇನೋ," ಎಂದು ಇನ್ನೊಬ್ಬಳು. ಜಪಸರದ ಪ್ರಾರ್ಥನೆ ಹೇಳುವಾಗ ಹಾನೆಕ ಬರಿದೇ ತುಟಿ ಅಲ್ಲಾಡಿಸಿದಳು. ನಿನಗೂ ಪೂರ್ತಿ ಬರುತ್ತಿರಲಿಲ್ಲವಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಭಾನುವಾರ ಪಾದ್ರಿಗಳು ಅಮ್ಮನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಹೇಳಿ ಪ್ರಾರ್ಥಿಸಿದರು.

ಸೋಮವಾರ ಸೈಕಲ್ಲಿಗೆ ಚೀಲ ಕಟ್ಟುತ್ತ ಹಾನೆಕ ಹೇಳಿದಳು: "ಅಷ್ಟು ಜನ ಬಂದು ಕೈ ಹಿಡಿದ್ರು, ನಮ್ಮೂರಲ್ಲಿ ಹೀಗಿಲ್ಲ. ನಂಗೆ ನಿಮ್ಮ ಈ ನಾಡು ಬಿಟ್ಟು ಹೋಗೋಕೇ ಮನಸ್ಸಿಲ್ಲ. ಆದ್ರೆ ನೀನು ಬಾಯಿ ಬಿಡ್ತೀಯ ಅಂತ ಎರಡು ದಿನ ಕಾದೆ." ನಾನು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟೆ. ಅವಳು ನಿನ್ನ ಉಡುಪನ್ನು ತೊಳೆದು ಇಸ್ತ್ರಿ ಮಾಡಿ ಹಾಸಿಗೆಯ ಮೇಲಿಟ್ಟು ಹೋಗಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಜೂನ್ ಎಂಟು, ಭಾನುವಾರ, ಚರ್ಚಿನಲ್ಲಿ ಅಮ್ಮನ ತಿಂಗಳ ಪೂಜೆ. ಸುದ್ದಿ ತಿಳಿದರೆ ನೀನು ಹೊರಟು ನಿಲ್ಲುತ್ತೀಯ, ಗೊತ್ತು. ನೀನು ಚರ್ಚಿನೊಳಗೆ ಕಾಲಿಟ್ಟರೆ ತಾನು ತಪ್ಪೊಪ್ಪಿಕೊಂಡದ್ದು ಯಾರೆದುರು ಎಂದು ಪ್ಯಾಕಿ ನನ್ನನ್ನು ಕೇಳುತ್ತಾನೆ. ಅಮ್ಮನ ಪೆಟ್ಟಿಗೆಯ ಪಕ್ಕ ದಾರಿಹೋಕಳನ್ನು ಕೂರಿಸಿ ಊರಿಗೆಲ್ಲ ಮಗಳೆಂದು ತೋರಿಸಿದೆ ಎಂದು ನಾನು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಊರವರ ಲೆಕ್ಕಕ್ಕೆ ನೀನು ಬಂದು ಹೋಗಿ ಆಗಿದೆ, ಒಳ್ಳೆಯವಳಾಗಿಯೂ ಆಗಿದೆ. ಇನ್ನೊಂದು ವರ್ಷ ಬಿಟ್ಟು ಬಾ, ಇಬ್ಬರೇ ಸಮಾಧಿಗೆ ಹೋಗೋಣ. ತಿಂಗಳ ಪೂಜೆಗೆ ಬರಬೇಡ ಎಂದು ಬೇಡಿಕೊಳ್ಳಲೆಂದೇ ಈ ಕಾಗದ.

ಡೆರೆಕ್ ಭಾವನಿಗೆ ನನ್ನ ನೆನಪು ಹೇಳು. ಇಲ್ಲಿಯವರೆಗೆ ನಾನು ಒಮ್ಮೆಯೂ ಹೇಳಿಕಳಿಸಿಲ್ಲ.

ನಿನ್ನ ತಂಗಿ,
ಅಟ್ರಾಕ್ಟ

ಮ.ವಿ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅಮ್ಮ ಇದ್ದಕ್ಕಿದ್ದಂತೆ ಹೋಗಲಿಲ್ಲ, ಅಕ್ಕ. ಸೋಮವಾರವೇ ಡಾಕ್ಟರು ವಾರ ದಾಟುವುದಿಲ್ಲ ಎಂದಿದ್ದರು. ಮಂಗಳವಾರ ಅಮ್ಮ, "ಡಿಂಪ್ನಂಗೆ ಬರೋಕೆ ಹೇಳೇ," ಎಂದಳು. ಫೋನು ನನ್ನ ಮೊಣಕೈ ಹತ್ತಿರವೇ ಇತ್ತು, ಎತ್ತಲಿಲ್ಲ. ಹತ್ತೊಂಬತ್ತು ವರ್ಷ ಅವಳ ಚಾಕರಿ ಮಾಡಿದವಳು ನಾನು, ಕೊನೆಯ ಮೂರು ದಿನ ಅವಳು ನನ್ನೊಬ್ಬಳಿಗೇ ಇರಬೇಕೆನಿಸಿತ್ತು. ಹೇಳಿದ್ದೇನೆ, ಹೊರಟಿದ್ದಾಳಂತೆ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಆಮೇಲೆ ಅವಳು ಮುಂಬಾಗಿಲು ಹಾಕಲು ಬಿಡಲಿಲ್ಲ. ಆ ಗಾಳಿಯಲ್ಲಿ, ಮೂರು ದಿನ, ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಜೂನ್ ಎಂಟಕ್ಕೆ ಪೂಜೆ ಹನ್ನೊಂದು ಗಂಟೆಗೆ. ಬಾ.