ಹಿಂದಕ್ಕೆ ಹೋದ ತಂಬಿಗೆ

ಬಂಕಾಪುರ, ೧೯೬೪

ಗ್ರಾಮ ಬಂಧು ಸಂಘಗಳ ಮೇಲ್ವಿಚಾರಣಾಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಸಂಘಕ್ಕೆ ತಾವು ಕಳಿಸಿದ ಪ್ರಶಸ್ತಿಪತ್ರ ಕಳೆದ ವಾರ ಬಂದು ತಲುಪಿತು. ಅದನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ನಿಷ್ಕ್ರಿಯವಾಗಿದ್ದ ಸಂಘ ಮೂರೇ ತಿಂಗಳಲ್ಲಿ ನೂರಕ್ಕೆ ನೂರು ಹಾಜರಿ ಸಾಧಿಸಿದ್ದು ಹೇಗೆ, ಸದಸ್ಯರಲ್ಲಿ ಉತ್ಸಾಹ ತುಂಬಿದ್ದು ಹೇಗೆ ಎಂದು ಎರಡು ಪುಟಗಳ ಟಿಪ್ಪಣಿ ಬರೆದುಕೊಡಲು ತಾವು ಅಪ್ಪಣೆ ಮಾಡಿದ್ದಿರಿ. ಹಾನಗಲ್ಲ, ಸವಣೂರು, ಹಿರೇಕೆರೂರು ತಾಲೂಕುಗಳ ಸಂಘಗಳಿಗೆಲ್ಲ ಅದನ್ನು ಮಾದರಿಯಾಗಿ ಹಂಚುವಿರಂತೆ. ಆ ಟಿಪ್ಪಣಿ ನನ್ನಿಂದ ಬರೆಯಲಾಗಲಿಲ್ಲ. ಅದರ ಬದಲು ಇದನ್ನು ಬರೆದಿದ್ದೇನೆ, ಊರೆಲ್ಲ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ನಾನು ಶಿಗ್ಗಾಂವಿಯ ಮಾಮಲೇದಾರ ಕಚೇರಿಯ ಎದುರು ಕುಳಿತು ಅರ್ಜಿ ಬರೆಯುವವನು. ಇಪ್ಪತ್ತು ವರ್ಷಗಳಿಂದ ಬೇರೆಯವರ ದುಃಖವನ್ನು ತಮ್ಮಂಥವರಿಗೆ ತಿಳಿಯುವ ಭಾಷೆಯಲ್ಲಿ ಬರೆಯುತ್ತಾ ಬಂದಿದ್ದೇನೆ. ನನ್ನ ಸ್ವಂತದ್ದೊಂದು ಬರೆಯುವುದು ಇದೇ ಮೊದಲು. ಎರಡು ತಿಂಗಳಿಂದ ನನಗೆ ಏನು ಮುಟ್ಟಿದರೂ ಮುಟ್ಟಿದ ಹಾಗೆ ಅನಿಸುವುದಿಲ್ಲ.

ನಮ್ಮ ಸಂಘ ೧೯೫೩ರಲ್ಲಿ ಶುರುವಾಯಿತು. ಹದಿನೆಂಟು ಜನ. ಒಬ್ಬ ಹಾಸಿಗೆ ಹಿಡಿದರೆ ಉಳಿದವರು ಅವನ ಹೊಲ ಬಿತ್ತುವುದು, ಒಬ್ಬ ಸತ್ತರೆ ಉಳಿದವರು ಹೆಗಲು ಕೊಡುವುದು, ಇಷ್ಟೇ ನಮ್ಮ ಧ್ಯೇಯೋದ್ದೇಶ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲವಾದ್ದರಿಂದ ಅಂದೇ ಸಭೆ. ಹಳೆಯ ಚಾವಡಿಯ ಪಕ್ಕದ ಕೋಣೆಯನ್ನು ಸರಕಾರ ನಮಗೆ ಬಿಟ್ಟುಕೊಟ್ಟಿತ್ತು. ಸಭೆಗೆ ಬರುವ ಪ್ರತಿಯೊಬ್ಬ ತನ್ನ ಮನೆಯಿಂದ ಒಂದು ತಂಬಿಗೆ ನೀರು ತಂದು ಕೋಣೆಯ ತಾಮ್ರದ ಕೊಡಕ್ಕೆ ಸುರಿಯಬೇಕು. ಆಮೇಲೆ ಎಲ್ಲರೂ ಆ ಕೊಡದಿಂದ ಒಂದೊಂದು ಗುಟುಕು ಕುಡಿಯಬೇಕು. ಬರಲಾಗದವನ ಮನೆಯಿಂದ ನೀರಾದರೂ ಬರಬೇಕು. ನೀರು ಬಂದರೆ ಅವನು ಬಂದ ಹಾಗೆಯೇ ಲೆಕ್ಕ.

ಮೊದಲ ಅಮಾವಾಸ್ಯೆಯಂದು ಕೇರಿಯ ಭರಮಪ್ಪ ತನ್ನ ತಂಬಿಗೆ ಹಿಡಿದು ಹೊಸ್ತಿಲ ಹೊರಗೇ ನಿಂತುಬಿಟ್ಟ. ದರ್ಜಿ ನಿಯಾಜ ಅವನ ಹಿಂದೆ ನಿಂತ. ಒಳಗಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ಕುಳಿತೆವು. ಆಗ ಗುದ್ಲೆಪ್ಪನವರು ಎದ್ದರು. ನಮ್ಮಲ್ಲಿ ಹಿರಿಯರು, ನಾಲ್ಕೆತ್ತಿನ ಕಮತದವರು. "ಬರ್ರಿ, ಒಳಗ ಬರ್ರಿ. ಬಾಗಲದಾಗ ನಿಂತ್ರ ಕೊಡ ತುಂಬತೈತೇನು?" ಎಂದು ಇಬ್ಬರ ನೀರನ್ನೂ ಕೊಡಕ್ಕೆ ಸುರಿಸಿ, ಮೊದಲ ಗುಟುಕು ತಾವೇ ಕುಡಿದರು. ಸಂಘ ಅಂದರೆ ನಮಗೆ ಅದು. ತಮ್ಮ ನಮೂನೆಯಲ್ಲಿ ಇದನ್ನು ತುಂಬಲು ಕಾಲಮ್ಮೇ ಇಲ್ಲ, ಅದು ತಮ್ಮ ತಪ್ಪಲ್ಲ ಬಿಡಿ.

ಒಂದೂವರೆ ವರ್ಷದ ಹಿಂದೆ ಗುದ್ಲೆಪ್ಪನವರು ಬಣವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ. ಮೊದಲ ಅಮಾವಾಸ್ಯೆಗೆ ಅವರ ಹೆಂಡತಿ ಯಂಕವ್ವ ನೀರು ತಂದುಕೊಟ್ಟರು. ಎರಡನೆಯ ಅಮಾವಾಸ್ಯೆಗೆ ಭರಮಪ್ಪ, "ನೀರು ಬಂದ್ರ ಸಾಕೇನ್ರಿ? ಮನಶ್ಯಾ ಒಬ್ಬನ ಅಲ್ಲಿ ಜಂತಿ ನೋಡ್ಕೋತ ಮಲಗ್ಯಾನ" ಎಂದು ಕೊಡವನ್ನೇ ಹೆಗಲಿಗೇರಿಸಿಕೊಂಡು ಹೊರಟ. ನಾವೂ ಹಿಂದೆ ಹೋದೆವು. ಅಂದಿನಿಂದ ಹನ್ನೊಂದು ಅಮಾವಾಸ್ಯೆ ಗುದ್ಲೆಪ್ಪನವರ ಪಡಸಾಲೆಯಲ್ಲೇ ಸಭೆ ನಡೆಯಿತು. ಒಬ್ಬನೂ ತಪ್ಪಿಸಲಿಲ್ಲ.

ವರ್ಷದ ಕೊನೆಗೆ ತಮ್ಮ ನಮೂನೆ ಬಂತು. 'ನೋಂದಾಯಿತ ಸ್ಥಳದಲ್ಲಿ ನಡೆದ ಸಭೆಗಳ ಸಂಖ್ಯೆ?' ಎಂದು ಕೇಳಿದ್ದಿರಿ. ನಾನು ಕಾರ್ಯದರ್ಶಿ. ಹನ್ನೆರಡರಲ್ಲಿ ಒಂದು ಎಂದು ಬರೆದೆ. ಪರರಿಗಾಗಿ ಎಷ್ಟೋ ಬಣ್ಣ ಕಟ್ಟಿ ಬರೆದ ನಾನು ಅಲ್ಲೊಂದು ಸುಳ್ಳು ಬರೆದಿದ್ದರೆ ಇವತ್ತು ಈ ಪತ್ರವೇ ಇರುತ್ತಿರಲಿಲ್ಲ. ತಿಂಗಳೊಳಗೆ ನೋಟೀಸು ಬಂತು: ಸಂಘ ನಿಷ್ಕ್ರಿಯವಾಗಿದೆ, ಹಾಜರಾಗದ ಸದಸ್ಯರನ್ನು ಪಟ್ಟಿಯಿಂದ ತೆಗೆಯತಕ್ಕದ್ದು, ಸಭೆಯನ್ನು ಕೋಣೆಯಲ್ಲೇ ನಡೆಸತಕ್ಕದ್ದು, ತಪ್ಪಿದಲ್ಲಿ ಕೋಣೆಯನ್ನು ವಶಪಡಿಸಿಕೊಳ್ಳಲಾಗುವುದು. ಮಾನ್ಯರೇ, ಕೊಡ ಹೊತ್ತು ರೋಗಿಯ ಮನೆಗೆ ನಡೆದ ಹದಿನೇಳು ಜನ ನಿಷ್ಕ್ರಿಯರಾದರೆ, ಸಕ್ರಿಯರು ಯಾರು? ಧಾರವಾಡದಲ್ಲಿ ಕುರ್ಚಿ ಬಿಟ್ಟು ಏಳದೆ ನೋಟೀಸು ಬರೆದವರೇ?

ಆ ನೋಟೀಸನ್ನು ಗುದ್ಲೆಪ್ಪನವರು ನನ್ನಿಂದ ಎರಡು ಸಲ ಓದಿಸಿದರು. "ನನ್ನ ಸಲುವಾಗಿ ಕೋಣಿ ಹೋಗೂದು ಬ್ಯಾಡ ತಮ್ಮಾ. ರಾಜೀನಾಮಾ ಬರಿ, ಹೆಬ್ಬಟ್ಟು ಒತ್ತತೇನಿ" ಎಂದರು. ನಿಯಾಜ ಬೇಡವೆಂದ. ಭರಮಪ್ಪ ಎದ್ದು ಹೊರಗೆ ಹೋದ. ನಾನು ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು. ತಮ್ಮ ಕಡತದಲ್ಲಿ ಇರಬೇಕು, ತೆಗೆದು ನೋಡಿ.

ಮುಂದಿನ ಅಮಾವಾಸ್ಯೆಗೆ ತಮ್ಮ ಇನ್ಸ್‌ಪೆಕ್ಟರರು ತನಿಖೆಗೆ ಬಂದರು. ಕೋಣೆಯಲ್ಲಿ ಹದಿನೇಳಕ್ಕೆ ಹದಿನೇಳು ಜನ ಕುಳಿತಿದ್ದೆವು. ಆ ಹೊತ್ತಿಗೆ ಯಂಕವ್ವ ಬಾಗಿಲಿಗೆ ಬಂದರು, ಕೈಯಲ್ಲಿ ತಂಬಿಗೆ. ರಾಜೀನಾಮೆಯಿಂದ ನೀರೂ ನಿಲ್ಲುತ್ತದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಇದು ಯಾರ ನೀರು?" ಎಂದು ಇನ್ಸ್‌ಪೆಕ್ಟರರು ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದರು. ಅವರು ಬೇಡವೆಂದು ಹೇಳಲಿಲ್ಲ, ಸುಮ್ಮನೆ ಕೇಳಿದರು ಅಷ್ಟೇ. ನನಗೆ ಕೋಣೆ ಹೋದೀತೆಂಬ ಹೆದರಿಕೆ. ಹೊಸ್ತಿಲಿಗೆ ಹೋಗಿ, "ಇವತ್ತ ಬ್ಯಾಡ್ರಿ ಅಕ್ಕಾರ, ಸಾಹೇಬ್ರು ಅದಾರ. ಒಯ್ರಿ" ಎಂದೆ. ಅವರು ತುಂಬಿದ ತಂಬಿಗೆಯನ್ನು ಚೆಲ್ಲದ ಹಾಗೆ ಹಿಡಿದುಕೊಂಡು ಹಿಂದಿರುಗಿದರು. ಭರಮಪ್ಪನ ನೀರಿಗೆ ಬಾಗಿಲು ತೆಗೆಸಿದವರ ಮನೆಯ ನೀರನ್ನು ನಾನು ಅದೇ ಬಾಗಿಲಿನಿಂದ ಹಿಂದಕ್ಕೆ ಕಳಿಸಿದೆ.

ಒಂಬತ್ತನೆಯ ದಿನ ಗುದ್ಲೆಪ್ಪನವರು ತೀರಿಕೊಂಡರು. ಹದಿನೇಳೂ ಜನ ಹೆಗಲು ಕೊಟ್ಟೆವು. ಭರಮಪ್ಪ ಬಿಕ್ಕಿ ಬಿಕ್ಕಿ ಅತ್ತ. ನನಗೆ ಅಳು ಬರಲಿಲ್ಲ, ಇಂದಿಗೂ ಬಂದಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಯಂಕವ್ವನನ್ನು ಕೇಳಿದೆ, ನೀರು ಹಿಂದಕ್ಕೆ ಹೋದ ದಿನ ಗುದ್ಲೆಪ್ಪನವರು ಏನಂದರು ಎಂದು. "ಏನೂ ಅನ್ನಲಿಲ್ರಿ. ತಂಬಗಿ ಇಸಗೊಂಡು ಆ ನೀರು ತಾವ ಕುಡದ್ರು. ಎಲ್ಲಾ ಕುಡದ್ರು" ಎಂದರು.

ಇನ್ನು ತಾವು ಕೇಳಿದ ಉತ್ಸಾಹದ ವಿಷಯ. ಈಗ ಎಲ್ಲರೂ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಸಹಿ ಹಾಕುತ್ತಾರೆ, ಹೋಗುತ್ತಾರೆ. ತಂಬಿಗೆ ಯಾರೂ ತರುವುದಿಲ್ಲ. ತರಬೇಡಿ ಎಂದು ಯಾರೂ ಹೇಳಿಲ್ಲ. ಎರಡು ಅಮಾವಾಸ್ಯೆಯಿಂದ ಕೊಡ ಒಣಗಿ ನಿಂತಿದೆ. ಹಾಜರಿ ಮಾತ್ರ ನೂರಕ್ಕೆ ನೂರು. ಇದನ್ನು ಮೂರು ತಾಲೂಕುಗಳಿಗೆ ಹಂಚುವುದಾದರೆ ಧಾರಾಳವಾಗಿ ಹಂಚಿರಿ.

ಮೊನ್ನೆ ತಡೆಯಲಾರದೆ ಯಂಕವ್ವನ ಮನೆಗೆ ಹೋದೆ. ಬರುವ ಅಮಾವಾಸ್ಯೆಗೆ ಅವರ ಮನೆಯ ನೀರು ಬರಲಿ, ಆಮೇಲೆ ಎಲ್ಲರೂ ತರುತ್ತಾರೆ ಎಂದು ಕೇಳಿಕೊಂಡೆ. ಅವರು ಸಿಟ್ಟಾಗಲಿಲ್ಲ. ನನಗೆ ಕೂಡಲು ಹೇಳಿ, ಚಹಾ ಕೊಟ್ಟು, ಮೆಲ್ಲಗೆ, "ಪಟ್ಟಿಯೊಳಗ ಇಲ್ಲದವರ ನೀರು ಹೆಂಗ ನಡೀತೈತ್ರಿ? ಮತ್ತ ಯಾರರ ಸಾಹೇಬ್ರು ಬಂದು ಕೇಳಿದ್ರ?" ಎಂದರು. ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಗುದ್ಲೆಪ್ಪನವರ ರಾಜೀನಾಮೆಯನ್ನು ರದ್ದುಪಡಿಸಬೇಕು. ಅವರ ಪಡಸಾಲೆಯಲ್ಲಿ ನಡೆದ ಹನ್ನೊಂದು ಸಭೆಗಳನ್ನು ಸಭೆಗಳೆಂದು ಒಪ್ಪಬೇಕು. ಅವರು ಸಾಯುವವರೆಗೂ ಸದಸ್ಯರಾಗಿದ್ದರು ಎಂದು ಒಂದು ಕಾಗದದ ಮೇಲೆ ಬರೆದು ಮೊಹರು ಒತ್ತಿ ಕಳಿಸಬೇಕು. ಕೋಣೆ ಬೇಕಾದರೆ ಇಟ್ಟುಕೊಳ್ಳಿ, ಬೀಗದ ಕೈ ಚಾವಡಿಯಲ್ಲಿದೆ. ಆ ಕಾಗದ ನನಗೆ ಅಮಾವಾಸ್ಯೆಯ ಒಳಗೆ ಬೇಕು. ಯಂಕವ್ವನಿಗೆ ಓದಿ ಹೇಳಿ, ಆ ತಂಬಿಗೆಯನ್ನು ಕೈಯೊಡ್ಡಿ ಕೇಳಬೇಕಾಗಿದೆ.

ಇಂತಿ,
ತಂಬಿಗೆ ಹಿಂದಕ್ಕೆ ಕಳಿಸಿದ ಅದೇ ಕೈಯಿಂದ ಸಹಿ ಮಾಡಿರುವ,
ತಮ್ಮ ಕಡತದ ಪ್ರಕಾರ ಅತ್ಯಂತ ಸಕ್ರಿಯ ಸದಸ್ಯ,
ಶಿದ್ಲಿಂಗಪ್ಪ, ಅರ್ಜಿ ಬರೆಯುವವ