ಫ್ರೇಮಿನಲ್ಲಿ ನಿಂತುಬಿಟ್ಟವಳಿಗೆ

ಫೆಬ್ರವರಿ ೩೦, ೨೧೯೪

ತಂಗಿ ಭುವನಾ,

ಮೇಲಿನ ತಾರೀಖು ನೋಡಿ ಕೈತಪ್ಪಿನಿಂದ ಬರೆದದ್ದೆಂದು ತಿಳಿಯಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಮಾತನ್ನು ನಾನು ಕಲಿತದ್ದು ನಿನ್ನ ನೋಟ್‌ಬುಕ್ಕಿನಿಂದಲೇ. ಲೆಕ್ಕ ಹಾಕಿದರೆ ನೀನು ನನ್ನ ಮುತ್ತಜ್ಜಿಯ ಅಜ್ಜಿಯ ವಾರಿಗೆಯವಳು. ಆದರೆ ನೋಟ್‌ಬುಕ್ಕಿನಲ್ಲಿ ನಿನಗೆ ಇಪ್ಪತ್ತೆರಡು, ನನಗೀಗ ನಲವತ್ತೊಂಬತ್ತು. ಹಾಗಾಗಿ ತಂಗಿ ಎನ್ನುತ್ತಿದ್ದೇನೆ. ಹೊಟ್ಟೆಕಿಚ್ಚುಪಡುವುದಕ್ಕೂ ಅಜ್ಜಿಗಿಂತ ತಂಗಿಯೇ ಅನುಕೂಲ.

ನಾನೂ ಸಿನಿಮಾ ಮಾಡುವವಳೇ. ನಾವು ಅದನ್ನು ನೆನೆಚಿತ್ರ ಎನ್ನುತ್ತೇವೆ. ಒಳಗೂಡು ಎಂಬ ಪುಟ್ಟ ಕೋಣೆಯಲ್ಲಿ ಒಬ್ಬಳೇ ಕೂತು ಹೇಳುತ್ತಾ ಹೋದರೆ ಸಾಕು, ಒಪ್ಪುಗ ಎಂಬ ಯಂತ್ರ ಅದನ್ನು ಗೋಡೆಯ ಮೇಲೆ ಮೂಡಿಸುತ್ತದೆ. ಮಳೆ ಎಂದರೆ ಮಳೆ, ಆನೆ ಎಂದರೆ ಆನೆ. ಆಗುವುದಿಲ್ಲ ಎನ್ನುವುದು ಅದಕ್ಕೆ ಗೊತ್ತೇ ಇಲ್ಲ. ಮಧ್ಯಾಹ್ನ ಒಂದಕ್ಕೆ ಗೋಡೆಯ ಕಿಂಡಿಯಿಂದ ಒಬ್ಬರ ಊಟ ಬರುತ್ತದೆ, ಉಂಡು ತಟ್ಟೆಯನ್ನು ಅಲ್ಲೇ ಇಡುತ್ತೇನೆ. ಹೀಗೆ ಹನ್ನೊಂದು ಚಿತ್ರ ಮಾಡಿದ್ದೇನೆ. ಒಂದರಲ್ಲೂ ಯಾರೂ ನನಗೆ ಬೈದಿಲ್ಲ.

ನಿನ್ನ ನೋಟ್‌ಬುಕ್ ಹಳೆಯ ಸಾಮಾನುಗಳ ಉಗ್ರಾಣದಲ್ಲಿ ಸಿಕ್ಕಿತು. ಸಿನಿಮಾ ಸೆಟ್ಟಿಗೆ ಹೊಸಬಳಾದ ನೀನು ಕಂಡಕಂಡವರನ್ನು ಕೇಳಿ ಬರೆದುಕೊಂಡದ್ದೆಲ್ಲ ಅದರಲ್ಲಿದೆ. ಥರ್ಮೋಕೋಲ್ ಎಂದರೆ ಬಿಸಿಲನ್ನು ತಿರುಗಿಸಿ ನಟಿಯ ಮುಖಕ್ಕೆ ಹಾಕುವ ಬಿಳಿ ಹಲಗೆ. ಕಟ್ಟರ್ ಎಂದರೆ ಬೇಡದ ಬೆಳಕಿಗೆ ಅಡ್ಡ ಹಿಡಿಯುವ ಕಪ್ಪು ಬಟ್ಟೆ. ಫೀಲ್ಡ್ ಕ್ಲಿಯರ್ ಎಂದು ಕೂಗಿದರೆ ಕ್ಯಾಮೆರಾದ ಕಣ್ಣಿಗೆ ಬೀಳುವ ಜಾಗದಿಂದ ಎಲ್ಲರೂ ಓಡಬೇಕು. ಸೆಟ್ಟಿನ ದೀಪಗಳನ್ನು ನೋಡಿಕೊಳ್ಳುವ ಮುನಿರಾಜಣ್ಣನಿಗೆ ಐವತ್ತೆಂಟಾದರೂ ಕೆಲಸಗಾರರ ಪಟ್ಟಿಯಲ್ಲಿ ಲೈಟ್ ಬಾಯ್ ಎಂದೇ ಇರುತ್ತದೆ. ಆ ಮುನಿರಾಜಣ್ಣ ನಿನ್ನ ಕೈಗೆ ವಾಕಿಟಾಕಿ ಕೊಟ್ಟು ಹೇಳಿದ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೀಯ: "ಯಾರೇನೇ ಯೋಳ್ಲಿ, ಮೊದ್ಲು ಕಾಪಿ ಅನ್ನು, ಆಮ್ಯಾಕ್ ಓಡು. ನಿಂಗ್ ಕೇಳಿಸ್ತು ಅಂತ ಅವ್ರಿಗ್ ಗೊತ್ತಾಗ್ಬೇಕಲ್ಲವ್ವ."

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ದಿನವಿಡೀ ಹೇಳುತ್ತಲೇ ಇರುತ್ತೇನೆ. ಕೇಳಿಸಿತು ಎನ್ನುವ ಒಂದು ದನಿ ಇಲ್ಲಿಲ್ಲ.

ನೋಟ್‌ಬುಕ್ಕಿನ ಜೊತೆ ಒಂದು ತುಣುಕು ಚಿತ್ರವೂ ಇತ್ತು. ಅದನ್ನು ಮುನ್ನೂರು ಸಲವಾದರೂ ನೋಡಿದ್ದೇನೆ. ನಂಜನಗೂಡಿನ ಹಳೆಯ ಸೇತುವೆ, ಅದರ ಹಿಂದೆ ಇಳಿಯುತ್ತಿರುವ ಸೂರ್ಯ. ಆ ಬೆಳಕಿಗಾಗಿಯೇ ನಲವತ್ತು ಜನ ಕಾದಿದ್ದಾರೆ. ಕ್ಯಾಮೆರಾ ಓಡುತ್ತಿದೆ, ನೀನು ಕ್ಲ್ಯಾಪ್ ಹೊಡೆದೆ. 'ಕ್ಲ್ಯಾಪ್ ಔಟ್' ಎಂದು ವಾಕಿಯಲ್ಲಿ ಸಹನಿರ್ದೇಶಕರ ದನಿ ಬಂತು. ತಕ್ಷಣ ಪಕ್ಕಕ್ಕೆ ಸರಿಯಬೇಕಾದವಳು ಫ್ರೇಮಿನ ನಟ್ಟನಡುವೆ ನಿಂತು, ಕ್ಲ್ಯಾಪ್ ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿ, ವಾಕಿಯ ಗುಂಡಿ ಹುಡುಕಿ, "ಕಾಪಿ ಸಾರ್" ಎಂದೆ.

"ಸೂರ್ಯಂಗೂ ಒಂದ್ ಕಾಪಿ ಯೋಳ್ಬುಡವ್ವ, ಹೊಂಟೋಯ್ತಾವ್ನೆ," ಎಂದ ಮುನಿರಾಜಣ್ಣ. ನಟಿಯೂ ಸೇರಿ ಎಲ್ಲರೂ ನಕ್ಕರು. ಕ್ಯಾಮೆರಾದ ಟ್ರಾಲಿಯನ್ನು ಹಿಂದಕ್ಕೆ ತಳ್ಳಿ ಮತ್ತೆ ಸಿದ್ಧವಾಗುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಆ ದಿನದ ಶೂಟಿಂಗ್ ಅಲ್ಲಿಗೇ ಪ್ಯಾಕಪ್. ಸಹನಿರ್ದೇಶಕರು ಎಲ್ಲರೆದುರು ನಿನ್ನನ್ನು ತರಾಟೆಗೆ ತೆಗೆದುಕೊಂಡರು.

ಮುಂದಿನದು ನೋಟ್‌ಬುಕ್ಕಿನಲ್ಲಿದೆ. ಜನರೇಟರ್ ವ್ಯಾನಿನ ಹಿಂದೆ ನಿಂತು ನೀನು ಅತ್ತೆ. ಮುನಿರಾಜಣ್ಣ ಟೀ ತಂದುಕೊಟ್ಟು, "ಸೂರ್ಯ ನಾಳೀಕೂ ಮುಳುಗ್ತಾನೆ ಬುಡು. ಬೆಳಿಗ್ಗೆ ಆರಕ್ಕೆ ವ್ಯಾನು. ಕಿಟ್ಕಿ ಪಕ್ಕ ಸೀಟು ಹಿಡ್ದಿರ್ತೀನಿ," ಎಂದ. ಅದರ ಕೆಳಗೆ ನಿನ್ನ ಕೊನೆಯ ಸಾಲು: "ನಾಳೆಯಿಂದ ಹೋಗಲ್ಲ." ಉಳಿದ ಪುಟಗಳು ಖಾಲಿ.

ನಿಜ ಹೇಳುತ್ತೇನೆ, ಆ ಸಾಲು ಓದಿ ನನಗೆ ಖುಷಿಯಾಗಿತ್ತು. ನನಗೆ ಸಿಗದ ಬೈಗುಳ, ಆ ನಗು, ಆ ಟೀ ನಿನಗೂ ಸಿಗದಿರಲಿ ಅಂದುಕೊಂಡಿದ್ದೆ. ಆಮೇಲೆ ನಿನ್ನ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಅದೇ ಸಂಜೆಯನ್ನು ಮಾಡಿಕೊಡು ಎಂದು ಒಪ್ಪುಗಕ್ಕೆ ಹೇಳಿದೆ. ಬೇಕೆಂದೇ ಫ್ರೇಮಿನ ನಡುವೆ ನಿಂತು ಕಾಪಿ ಎಂದೆ. ಒಬ್ಬರೂ ನಗಲಿಲ್ಲ. ಒಪ್ಪುಗ ಮೂಡಿಸಿದ ಮುನಿರಾಜಣ್ಣ ನನಗೆ ಕೈ ಮುಗಿದ. ನಾನು ಸರಿಯುವವರೆಗೂ ಸೂರ್ಯ ಸೇತುವೆಯ ಮೇಲೆ ಕಾದಿದ್ದ. ಯಂತ್ರ ಆರಿಸಿ, ನೆಲದ ಮೇಲೆ ಕೂತು ಅತ್ತೆ. ಟೀ ಯಾರೂ ತರಲಿಲ್ಲ.

ಅದಕ್ಕೇ ಈ ಕಾಗದ. ನೀನು ಹೋಗದಿದ್ದರೆ ಆ ಸೀಟು ನನಗೇನೂ ಸಿಗುವುದಿಲ್ಲ. ಆರು ಗಂಟೆಯ ವ್ಯಾನಿನಲ್ಲಿ ಅದು ಖಾಲಿ ಹೋಗುತ್ತದೆ. ನೀನು ಅಲ್ಲಿ ಕೂತಿರುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲಿ ಯಾರೂ ಇಲ್ಲ ಎಂಬುದನ್ನು ನೆನೆಯಲು ನನ್ನಿಂದ ಆಗುತ್ತಿಲ್ಲ.

ನಾಳೆ ಹೋಗು ಭುವನಾ. ಈ ಮಾತು ನಿನಗೆ ಕೇಳಿಸಿದರೆ ಮೊದಲು ಕಾಪಿ ಅನ್ನು. ಆಮೇಲೆ ಓಡು.

ಇಂತಿ,
ನಿನ್ನ ಮೇಲೆ ಹೊಟ್ಟೆಕಿಚ್ಚಿರುವ ಅಕ್ಕ,
ಇಳಾವತಿ